ಅಂಗಡಿಯ ಸ್ವಂತ ಬ್ರ್ಯಾಂಡಿನ ಶುಚಿ ಸಾಮಗ್ರಿ

ದೊಡ್ಡ ಅಂಗಡಿಗಳು ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿ, ತಮಗೆ ಮಾತ್ರ ಸೇರಿದ ಹೆಸರಿನಲ್ಲಿ ಮಾರುವ ಬಟ್ಟೆ ಪುಡಿ, ಭಾಂಡೆ ಸೋಪು, ಫಿನಾಯಿಲ್, ನೆಲ ಒರೆಸುವ ದ್ರವ, ಶೌಚಾಲಯ ತೊಳೆಯುವ ಆ್ಯಸಿಡ್, ಡಾಂಬರ ಗುಳಿಗೆ, ತಿಕ್ಕುವ ನಾರು ಮೊದಲಾದ ಸಾಮಗ್ರಿ. ಟಿವಿ ಜಾಹೀರಾತಿನ ಹೆಸರುಗಳಿಗಿಂತ ಇವು ಸಾಮಾನ್ಯವಾಗಿ ಅಗ್ಗ. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಸೀಮೆಯ ಮಸೂತಿಯಂಥ ಊರುಗಳಲ್ಲಿ ಇವುಗಳಿಂದ ಎಷ್ಟು ರೊಕ್ಕ ಉಳಿಯುತ್ತದೆ ಎಂಬುದನ್ನು ಪಾಕೀಟಿನ ಬೆಲೆಯೊಂದೇ ತೀರ್ಮಾನಿಸುವುದಿಲ್ಲ. ನೀರಿನ ಗುಣ, ಪೇಟೆಗೆ ಹೋಗಿಬರುವ ಖರ್ಚು, ಕಿರಾಣಿ ಅಂಗಡಿಯ ಉದ್ದರಿ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ.

ಹಿನ್ನೆಲೆ

ಅಂಗಡಿಯೇ ಸಾಬೂನು ಮಾಡಿಸುವ ಪದ್ಧತಿಗೆ ಸಹಕಾರಿ ಚಳವಳಿಯ ನಂಟು ಹಳೆಯದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ನೇಕಾರರೂ ಇತರ ಕುಶಲಕರ್ಮಿಗಳೂ ಕೂಡಿ ತೆರೆದ ಸಹಕಾರಿ ಅಂಗಡಿಯ ದಾರಿ ಹಿಡಿದ ಸಂಘಗಳು 1863ರಲ್ಲಿ ಸಗಟು ಸಂಸ್ಥೆಯೊಂದನ್ನು ಕಟ್ಟಿದವು. ಮುಂದೆ ಆ ಸಂಸ್ಥೆ ತನ್ನದೇ ಸಾಬೂನು ಕಾರ್ಖಾನೆಗಳನ್ನು ನಡೆಸಿತು. ಫ್ರಾನ್ಸಿನ ಕ್ಯಾರಿಫೋರ್ 1976ರಲ್ಲಿ ಬ್ರ್ಯಾಂಡಿನ ಹೆಸರೇ ಇಲ್ಲದ ಬಿಳಿ ಪೊಟ್ಟಣಗಳಲ್ಲಿ 50 ಬಗೆಯ ಸರಕನ್ನು ಮಾರಾಟಕ್ಕಿಟ್ಟಿತು. ಜರ್ಮನಿಯ ಆಲ್ಡಿ, ಲಿಡ್ಲ್ ಅಂಗಡಿಗಳಲ್ಲಿ ಟಾಂಡಿಲ್, ಡಬ್ಲ್ಯೂ5 ಎಂಬ ಸ್ವಂತ ಹೆಸರುಗಳೇ ಮುಂದಿನ ಸಾಲಿನಲ್ಲಿರುತ್ತವೆ. ಅಮೆರಿಕದಲ್ಲಿ ನೆಲೆಸಿದ ಅನೇಕ ಕನ್ನಡ ಕುಟುಂಬಗಳಿಗೆ ಕಾಸ್ಟ್‌ಕೋ ಅಂಗಡಿಯ ಕರ್ಕ್‌ಲ್ಯಾಂಡ್ ಪರಿಚಿತ ಹೆಸರು. ಅದು ಶುರುವಾದದ್ದು 1995ರಲ್ಲಿ.

ಕರ್ನಾಟಕದಲ್ಲಿ ನೀಲಗಿರೀಸ್ ತನ್ನ ಹೆಸರಿನ ಬೆಣ್ಣೆ, ಬ್ರೆಡ್ಡುಗಳಿಂದ ಮೊದಲೇ ಹೆಸರಾಗಿತ್ತು. ಆದರೆ ತೊಳೆಯುವ ಸಾಮಗ್ರಿಯಲ್ಲಿ ಈ ಪದ್ಧತಿ ಬಲಗೊಂಡದ್ದು 2000ದ ನಂತರ. 2001ರಲ್ಲಿ ಬಂದ ಬಿಗ್ ಬಜಾರ್ ಕಾಲಕ್ರಮದಲ್ಲಿ ಕ್ಲೀನ್ ಮೇಟ್ ಹೆಸರಿನಲ್ಲಿ ನೆಲ, ಶೌಚಾಲಯ, ಪಾತ್ರೆ ತೊಳೆಯುವ ಸರಕನ್ನು ಮಾರಿತು. ಜರ್ಮನ್ ಮೂಲದ ಮೆಟ್ರೊ ಸಗಟು ಅಂಗಡಿ ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು ಬೆಂಗಳೂರಿನಲ್ಲಿ, 2003ರಲ್ಲಿ. ಕಿರಾಣಿ ವ್ಯಾಪಾರಿಗಳೇ ಅದರ ದೊಡ್ಡ ಗಿರಾಕಿಗಳಾಗಿದ್ದರು. 2011ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿಗ್‌ಬಾಸ್ಕೆಟ್ ಬಿಬಿ ಹೋಮ್ ಹೆಸರಿನಲ್ಲಿ ಮನೆಬಳಕೆಯ ಸಾಮಾನು ಮಾರುತ್ತದೆ. 2022ರಲ್ಲಿ ಬಿಗ್ ಬಜಾರಿನ ಅನೇಕ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು. ಮರುವರ್ಷ ಮೆಟ್ರೊದ ಭಾರತದ ವ್ಯಾಪಾರವೂ ಅದೇ ಕಂಪನಿಗೆ ಸೇರಿತು. 2023ರಲ್ಲೇ ರಿಲಯನ್ಸ್ ಎಂಜೊ ಬಟ್ಟೆ ಪುಡಿ, ಡೋಜೊ ಪಾತ್ರೆ ಸೋಪು, ಹೋಮ್‌ಗಾರ್ಡ್ ನೆಲ ದ್ರವಗಳನ್ನು ತನ್ನ ಮಳಿಗೆಗಳಾಚೆಗೆ ಸಾಮಾನ್ಯ ಕಿರಾಣಿಗೂ ಕಳಿಸುವ ಯೋಜನೆ ಪ್ರಕಟಿಸಿತು. ಸೂಪರ್‌ಮಾರ್ಕೆಟ್ ಕಾಣದ ಹಳ್ಳಿಗೂ ಸೂಪರ್‌ಮಾರ್ಕೆಟ್ ಒಡೆಯರ ಸರಕು ಬರುವ ದಾರಿ ಇದು. ಅಮೆಜಾನ್‌ನ ಪ್ರೆಸ್ಟೊದಂಥವು ಅಂಚೆ, ಕೊರಿಯರ್ ಮೂಲಕವೂ ಸಿಗುತ್ತವೆ.

ಸರ್ಕಾರವೇ ಅಂಗಡಿಕಾರನಾದ ಉದಾಹರಣೆ ಗಡಿಯಾಚೆ ಕಾಸರಗೋಡಿನಲ್ಲಿದೆ. 1974ರಲ್ಲಿ ಸ್ಥಾಪನೆಯಾದ ಕೇರಳದ ಸಪ್ಲೈಕೊ ಮಳಿಗೆಗಳಲ್ಲಿ ಅಲ್ಲಿನ ಕನ್ನಡ ಮನೆಗಳವರೂ ಶಬರಿ ಹೆಸರಿನ ಚಹಾ, ಸಾಬೂನು ಕೊಳ್ಳುತ್ತಾರೆ. ಕರ್ನಾಟಕದ ಸಾಬೂನು ಮತ್ತು ಮಾರ್ಜಕ ನಿಯಮಿತ ಇಂಥ ಅಂಗಡಿ ಬ್ರ್ಯಾಂಡ್ ಅಲ್ಲ, ತಾನೇ ಉತ್ಪಾದಕ. 1916ರ ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯಿಂದ ಬೆಳೆದು 1980ರಲ್ಲಿ ಕಂಪನಿಯಾದ ಈ ಸಂಸ್ಥೆ ಗಂಧದ ಸೋಪಿನ ಜತೆಗೆ ಬಟ್ಟೆ ಪುಡಿ, ನೆಲ ಒರೆಸುವ ದ್ರವಗಳನ್ನೂ ಮಾಡುತ್ತದೆ. ಅದರ ಘಟಕವೊಂದನ್ನು ವಿಜಯಪುರದ ಹತ್ತಿರದ ಇಟ್ಟಂಗಿಹಾಳದಲ್ಲಿ ತೆರೆಯುವ ಯೋಜನೆ ಪ್ರಕಟವಾಗಿದೆ.

ಅಗ್ಗ ಏಕೆ

ಹೆಚ್ಚಿನ ಬಟ್ಟೆ ಪುಡಿಗಳ ಮೂಲವಸ್ತು ಒಂದೇ: ಪೆಟ್ರೋಲಿಯಂ ಮೂಲದ ಆ್ಯಸಿಡ್ ಸ್ಲರಿ, ತೊಳೆಯುವ ಸೋಡಾ, ಭರ್ತಿಗೆ ಸೋಡಿಯಂ ಸಲ್ಫೇಟ್ ಅಥವಾ ಉಪ್ಪು, ಸ್ವಲ್ಪ ಬಣ್ಣ, ಸುವಾಸನೆ. ದುಬಾರಿ ಪುಡಿಯಲ್ಲಿ ಕಿಣ್ವಗಳೂ ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕವೂ ಹೆಚ್ಚಿರುತ್ತವೆ. ಜಾಹೀರಾತು, ನಟನಟಿಯರ ಸಂಭಾವನೆ, ಸ್ಟಾಕಿಸ್ಟು ಮತ್ತು ಸಗಟು ವ್ಯಾಪಾರಿಯ ಪಾಲು ಇವೆಲ್ಲ ಹೆಸರಾಂತ ಸರಕಿನ ಬೆಲೆಯಲ್ಲಿ ಸೇರಿರುತ್ತವೆ. ಅಂಗಡಿ ತಾನೇ ಮಾಡಿಸಿದಾಗ ಆ ಖರ್ಚಿನ ಬಹುಪಾಲು ತಪ್ಪುತ್ತದೆ. ಹೀಗೆ ಉಳಿದದ್ದರಲ್ಲಿ ಒಂದಿಷ್ಟು ಗಿರಾಕಿಗೆ, ಒಂದಿಷ್ಟು ಅಂಗಡಿಗೆ. ಭಾರತದಲ್ಲಿ ಈ ಪಾಠವನ್ನು ಮೊದಲು ದೊಡ್ಡದಾಗಿ ಕಲಿಸಿದ್ದು 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಆರಂಭಿಸಿದ ನಿರ್ಮಾ. ಸೈಕಲ್ ಮೇಲೆ ಮನೆಮನೆಗೆ ಮಾರಿದ ಆ ಹಳದಿ ಪುಡಿಯ ಬೆಲೆ ಆಗಿನ ಹೆಸರಾಂತ ಪುಡಿಯ ಮೂರನೇ ಒಂದಕ್ಕಿಂತ ಕಡಿಮೆಯಿತ್ತು. ಮುಂದೆ ಅದಕ್ಕೆ ಎದುರಾಗಿ ದೊಡ್ಡ ಕಂಪನಿಯೇ ವೀಲ್ ಎಂಬ ಅಗ್ಗದ ಪುಡಿಯನ್ನು ಪೇಟೆಗೆ ತರಬೇಕಾಯಿತು.

ಅಗ್ಗದ ಸರಕೆಲ್ಲ ಕಳಪೆಯಲ್ಲ. ಎಲ್ಲ ಅಗ್ಗದ ಸರಕೂ ಲಾಭದ್ದಲ್ಲ ಎಂಬುದೂ ಅಷ್ಟೇ ನಿಜ. ಭರ್ತಿ ಹೆಚ್ಚಿದ್ದರೆ ಪ್ರತಿ ಸಲ ಹೆಚ್ಚು ಪುಡಿ ಸುರಿಯಬೇಕಾಗುತ್ತದೆ. ಲೆಕ್ಕಕ್ಕಾಗಿ ಕಿಲೋಗೆ 60 ರೂಪಾಯಿಯ ಪುಡಿ ಒಂದು ಬಕೆಟ್ಟಿಗೆ 50 ಗ್ರಾಂ ಬೇಕೆಂದು ಹಿಡಿದರೆ ಬಕೆಟ್ಟಿನ ಖರ್ಚು 3 ರೂಪಾಯಿ. ಕಿಲೋಗೆ 110 ರೂಪಾಯಿಯದು 25 ಗ್ರಾಂ ಸಾಕಾದರೆ 2 ರೂಪಾಯಿ 75 ಪೈಸೆ. ಆದ್ದರಿಂದ ತೂಗಿ ನೋಡಬೇಕಾದದ್ದು ಒಂದು ಬಕೆಟ್ಟಿಗೆ ಬೀಳುವ ಖರ್ಚನ್ನು. ಮನೆಯಲ್ಲಿ ಪರೀಕ್ಷಿಸುವುದು ಕಷ್ಟವಲ್ಲ: ಪಾಕೀಟು ಒಡೆದ ದಿನ ಬರೆದಿಟ್ಟು, ಅದು ಮುಗಿದ ದಿನ ನೋಡಿದರೆ ಸಾಕು.

ನೀರಿನ ಪಾತ್ರ

ವಿಜಯಪುರ ಜಿಲ್ಲೆಯ ಬಹುಭಾಗ ಕಪ್ಪು ಬಸಾಲ್ಟ್ ಕಲ್ಲಿನ ನೆಲ. ಅದರಡಿಯ ಕೊಳವೆಬಾವಿ ನೀರು ಅನೇಕ ಕಡೆ ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಇಂಥ ನೀರಿನಲ್ಲಿ ಹಳೆಯ ಪದ್ಧತಿಯ ಬಟ್ಟೆ ಸಾಬೂನು ನೊರೆಗಟ್ಟದೆ ಬಿಳಿ ಜಿಗುಟಾಗಿ ಅರಿವೆಗೆ ಅಂಟುತ್ತದೆ. ಡಿಟರ್ಜೆಂಟ್ ಪುಡಿಗೆ ಆ ತೊಂದರೆ ಕಡಿಮೆ. ಆದರೂ ಗಡಸು ನೀರಿನಲ್ಲಿ ಅದೂ ಹೆಚ್ಚು ಬೇಕು. ಪಾಕೀಟಿನ ಮೇಲಿನ ಅಳತೆಗಳು ಎಲ್ಲ ಊರಿನ ನೀರಿಗೂ ಒಂದೇ ಎಂಬಂತೆ ಬರೆದಿರುವುದರಿಂದ ಬೆಂಗಳೂರಿನ ಕಾವೇರಿ ನೀರಿನಲ್ಲಿ ಉಳಿತಾಯ ತೋರಿದ ಪುಡಿ ಇಲ್ಲಿ ತೋರದಿರಬಹುದು.

ಇದಕ್ಕೆ ಅಗ್ಗದ ಪರಿಹಾರ ಕಿರಾಣಿ ಅಂಗಡಿಯಲ್ಲೇ ಇದೆ. ತೊಳೆಯುವ ಸೋಡಾವನ್ನು ಮೊದಲು ನೀರಿಗೆ ಹಾಕಿ ಕದಡಿದರೆ ಗಡಸುತನದ ಒಂದು ಪಾಲು ಕೆಳಗಿಳಿಯುತ್ತದೆ, ಆಮೇಲೆ ಪುಡಿ ಕಡಿಮೆ ಸಾಕು. ಹಿಂದಿನವರು ಅರಿವೆಗೆ ಸವಳು ಮಣ್ಣು ಬಳಸಿದ್ದೂ ಇದೇ ಗುಣಕ್ಕಾಗಿ, ಅದರಲ್ಲಿ ಕ್ಷಾರವಿತ್ತು. ಹಾಗೆಂದು ಸೋಡಾ ಎಲ್ಲ ಬಟ್ಟೆಗೂ ಆಗದು. ಇಳಕಲ್ ಸೀರೆಯ ರೇಷ್ಮೆ ಸೆರಗು, ಉಣ್ಣೆಯ ಕಂಬಳಿ ಪ್ರೋಟೀನಿನ ನಾರು. ಕ್ಷಾರವೂ ಪ್ರೋಟೀನ್ ಕರಗಿಸುವ ಕಿಣ್ವವೂ ಅವನ್ನು ತಿನ್ನುತ್ತವೆ. ಸೀರೆಯೊಂದು ಹಾಳಾದರೆ ವರ್ಷವಿಡೀ ಪುಡಿಯಲ್ಲಿ ಉಳಿಸಿದ್ದು ಒಂದೇ ದಿನ ಹೋದಂತೆ. ಅಂಥ ಬಟ್ಟೆಗೆ ಅಂಟವಾಳಕಾಯಿ ನೆನೆಸಿದ ನೀರು ಇಂದಿಗೂ ಒಳ್ಳೆಯದು.

ಬಿಳಿ ಧೋತರ, ನೆಹರೂ ಅಂಗಿ ಉಡುವ ಹಿರಿಯರಿರುವ ಮನೆಗಳಲ್ಲಿ ನೀಲಿ ಇನ್ನೂ ಬೇಕಾಗುತ್ತದೆ. ಹನಿ ಲೆಕ್ಕದಲ್ಲಿ ಬಳಸುವ ಈ ಸರಕಿನಲ್ಲಿ ಅಗ್ಗದ ಹೆಸರು ಹುಡುಕಿ ಉಳಿಯುವುದು ಅಷ್ಟಕ್ಕಷ್ಟೆ.

ಎಲ್ಲಿ ಉಳಿತಾಯ ಹೆಚ್ಚು

ಸ್ವಂತ ಬ್ರ್ಯಾಂಡಿನ ಲಾಭ ಹೆಚ್ಚು ಕಾಣುವುದು ಸರಳ ಸೂತ್ರದ ಸರಕಿನಲ್ಲಿ. ಪಾತ್ರೆ ತಿಕ್ಕುವ ನಾರು, ನೆಲ ಒರೆಸುವ ಬಟ್ಟೆ, ಕಸದ ಚೀಲ, ಡಾಂಬರ ಗುಳಿಗೆ, ಫಿನಾಯಿಲ್ ಇವುಗಳಲ್ಲಿ ಹೆಸರಿಗಾಗಿ ಹೆಚ್ಚು ಕೊಡುವುದು ವ್ಯರ್ಥ. ಶೌಚಾಲಯದ ನೀಲಿ ದ್ರವದ ಮುಖ್ಯ ಕೆಲಸಗಾರ ಹೈಡ್ರೋಕ್ಲೋರಿಕ್ ಆ್ಯಸಿಡ್. ಹೆಸರಾಂತ ದ್ರವದಲ್ಲಿ ಅದು ಶೇ. 10ರಷ್ಟಿರುತ್ತದೆ, ಅಂಗಡಿಯ ಸರಕಿನ ಮೇಲೂ ಅದೇ ಪ್ರಮಾಣ ಬರೆದಿದ್ದರೆ ಗಡಸು ನೀರಿನ ಕಲೆ ತೆಗೆಯುವುದರಲ್ಲಿ ಹೇಳುವಂಥ ವ್ಯತ್ಯಾಸವಿರದು. ಮುಂಬಾಗಿಲಿನ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕುವ ನೊರೆ ಕಡಿಮೆಯ ಪುಡಿ, ಕಿಣ್ವವಿರುವ ಪುಡಿಗಳಲ್ಲಿ ಮಾತ್ರ ಸೂತ್ರದ ಭೇದ ಕಾಣುತ್ತದೆ. ಅಲ್ಲಿ ಸಣ್ಣ ಪಾಕೀಟು ತಂದು ನೋಡದೆ ದೊಡ್ಡ ಚೀಲ ಒಯ್ಯುವುದು ಸರಿಯಲ್ಲ.

ಫಿನಾಯಿಲ್ ವಿಷಯದಲ್ಲಿ ವಾಸನೆ ನಂಬುವಂಥದ್ದಲ್ಲ. ರೋಗಾಣು ಕೊಲ್ಲುವ ಶಕ್ತಿಯನ್ನು ರೀಡಿಯಲ್-ವಾಕರ್ ಅಂಕದಿಂದ ಅಳೆಯುತ್ತಾರೆ. ಭಾರತೀಯ ಮಾನಕ 1061 ಇದನ್ನು ದರ್ಜೆಗಳಾಗಿ ವಿಂಗಡಿಸಿದ್ದು, ಡಬ್ಬಿಯ ಮೇಲೆ ದರ್ಜೆ ಬರೆದಿರುತ್ತದೆ. ಹೆಚ್ಚು ಅಂಕದ ಫಿನಾಯಿಲನ್ನು ಹೆಚ್ಚು ನೀರು ಬೆರೆಸಿ ಬಳಸಬಹುದು, ಹಾಗಾಗಿ ಲೀಟರಿನ ಬೆಲೆಯೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ.

ಬ್ಲೀಚಿಂಗ್ ಪುಡಿ ಹೊಸದಿದ್ದಾಗ ಸುಮಾರು ಶೇ. 33ರಷ್ಟು ಕ್ಲೋರಿನ್ ಬಿಡಬಲ್ಲದು. ವಿಜಯಪುರದ ಬೇಸಿಗೆಯಲ್ಲಿ, 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ತಗಡಿನ ಮಾಡಿನ ಕೋಣೆಯಲ್ಲಿಟ್ಟರೆ ಅದು ಬೇಗ ಸತ್ವಗೆಡುತ್ತದೆ. ಬ್ಲೀಚ್ ದ್ರವವೂ ಹಾಗೆಯೇ. ಇವುಗಳಲ್ಲಿ ದೊಡ್ಡ ಪ್ಯಾಕು ಕೊಂಡು ಉಳಿಸುವೆವೆಂಬುದು ಬಹುಪಾಲು ಭ್ರಮೆ.

ಬೆಲೆ ಓದುವುದು

ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಾದ ತಿಂಗಳು, ತಯಾರಕರ ವಿಳಾಸ, ದೂರಿನ ಸಂಪರ್ಕ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. 2021ರ ತಿದ್ದುಪಡಿ ಏಕಮಾನ ಬೆಲೆಯನ್ನೂ ಸೇರಿಸಿತು: ಕಿಲೋಗಿಂತ ಕಡಿಮೆಯಿದ್ದರೆ ಗ್ರಾಮಿಗೆ ಇಷ್ಟು, ಹೆಚ್ಚಿದ್ದರೆ ಕಿಲೋಗೆ ಇಷ್ಟು. ಗಿರಾಕಿಗೆ ಇದಕ್ಕಿಂತ ಉಪಯುಕ್ತ ಸಾಲು ಪೊಟ್ಟಣದ ಮೇಲೆ ಇನ್ನೊಂದಿಲ್ಲ. ಆದರೆ ಅದು ಗರಿಷ್ಠ ಬೆಲೆಯ ಮೇಲೆ ಲೆಕ್ಕ ಹಾಕಿದ್ದು. ಸ್ವಂತ ಬ್ರ್ಯಾಂಡಿನ ಗರಿಷ್ಠ ಬೆಲೆಯನ್ನು ಎತ್ತರಕ್ಕೆ ಮುದ್ರಿಸಿ, ಒಂದು ಕೊಂಡರೆ ಒಂದು ಉಚಿತ ಎಂದು ಮಾರುವ ರೂಢಿಯಿರುವಾಗ ಕೊಟ್ಟ ರೊಕ್ಕವನ್ನು ತೂಕದಿಂದ ತಾವೇ ಭಾಗಿಸಬೇಕು. ದೊಡ್ಡದೇ ಯಾವಾಗಲೂ ಅಗ್ಗ ಎನ್ನುವಂತೆಯೂ ಇಲ್ಲ. ಶಾಂಪೂವಿನಲ್ಲಿ ಸ್ಯಾಶೆಯೇ ಬಾಟಲಿಗಿಂತ ಅಗ್ಗ ಬೀಳುವುದುಂಟು, 10 ರೂಪಾಯಿಯ ಬಟ್ಟೆ ಪುಡಿಯನ್ನೂ ಹಾಗೆ ತೂಗಿ ನೋಡುವುದು ಒಳ್ಳೆಯದು.

ಮಸೂತಿ ಸೀಮೆಯ ಲೆಕ್ಕ

ಹಳ್ಳಿಯ ಮನೆಗೆ ಪೇಟೆಯ ಅಂಗಡಿ ಎಂದರೆ ಒಂದು ಹೊತ್ತಿನ ಕೆಲಸ ಬಿಟ್ಟು ಹೋಗಿಬರುವುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ಆದರೆ ತಪ್ಪಿದ ಕೂಲಿ ತಪ್ಪಿದ್ದೇ. ಬರೀ ಫಿನಾಯಿಲಿಗಾಗಿ ವಿಜಯಪುರಕ್ಕೆ ಹೋಗುವುದು ಲಾಭವಲ್ಲ. ಆಸ್ಪತ್ರೆಗೋ ಬ್ಯಾಂಕಿಗೋ ಹೋದ ದಿನ ಎರಡು ತಿಂಗಳಿಗಾಗುವಷ್ಟು ತಂದರೆ ಲಾಭ. ಅದೇ ವರ್ಷದ ಆಗಸ್ಟಿನಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಜಾರಿಯಾಗಿದ್ದು, ದಿನದಿನದ ಚಿಕ್ಕ ಪಾಕೀಟಿನ ಬದಲು ಒಮ್ಮೆಗೇ ಕಿಲೋ ಕೊಳ್ಳುವ ಶಕ್ತಿಯನ್ನು ಅನೇಕರಿಗೆ ಕೊಟ್ಟಿದೆ.

ಊರ ಕಿರಾಣಿ ಅಂಗಡಿಯವರು ಸುಗ್ಗಿಯ ತನಕ ಉದ್ದರಿ ಕೊಡುತ್ತಾರೆ, ಸೂಪರ್‌ಮಾರ್ಕೆಟ್ ಕೊಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ತೊಗರಿ, ಜೋಳದ ಹೊಲ ನಂಬಿದ ಮನೆಗೆ ಆ ಉದ್ದರಿಯ ಬೆಲೆ ಕಿಲೋಗೆ ಉಳಿಯುವ ಹತ್ತಿಪ್ಪತ್ತು ರೂಪಾಯಿಗಿಂತ ದೊಡ್ಡದು. ನಗದಿನ ವ್ಯಾಪಾರವೆಲ್ಲ ಪೇಟೆಗೆ, ಉದ್ದರಿ ಮಾತ್ರ ಊರಿನ ಅಂಗಡಿಗೆ ಎಂದಾದರೆ ಆ ಅಂಗಡಿ ಬಹುಕಾಲ ನಡೆಯದು. ಉಳಿತಾಯದ ಸಲಹೆ ಕೊಡುವವರು ಇದನ್ನು ಮರೆಯಬಾರದು.

ಹಳ್ಳಿಗೆ ಹೆಚ್ಚು ಹೊಂದುವ ಸ್ವಂತ ಬ್ರ್ಯಾಂಡು ಮಹಿಳಾ ಸಂಘಗಳದ್ದೇ ಎನ್ನಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ತರಬೇತಿ ಸಂಸ್ಥೆಗಳು, ಸ್ತ್ರೀಶಕ್ತಿ ಮತ್ತು ಸಂಜೀವಿನಿ ಗುಂಪುಗಳು ಫಿನಾಯಿಲ್, ಸೋಪಿನ ಪುಡಿ ಮಾಡುವುದನ್ನು ಕಲಿಸುತ್ತ ಬಂದಿವೆ. ಗಟ್ಟಿ ಕಾಂಪೌಂಡನ್ನು ಹಲವು ಪಾಲು ನೀರಿಗೆ ಸುರಿದು ಕದಡಿದರೆ ಹಾಲಿನಂಥ ಬಿಳಿ ಫಿನಾಯಿಲ್ ಸಿದ್ಧ. ಸಾಗಣೆಯಲ್ಲಿ ದುಬಾರಿ ಬೀಳುವುದು ನೀರಿನ ಭಾರವೇ ಆದ್ದರಿಂದ ಊರಲ್ಲೇ ನೀರು ಬೆರೆಸಿದರೆ ದೂರದ ಕಾರ್ಖಾನೆಗಿಂತ ಅಗ್ಗವಾಗಿ ಕೊಡಬಹುದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಹಕಾರ ಸಂಘ ಕಟ್ಟಿದ ನಾಡು ಇದು. ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಗೊಬ್ಬರ, ಬೀಜದ ಪಕ್ಕದಲ್ಲಿ ಮಹಿಳಾ ಗುಂಪುಗಳ ಫಿನಾಯಿಲನ್ನೂ ಇಟ್ಟು ಮಾರಿದರೆ ಆ ಗುಂಪುಗಳಿಗೆ ಖಾಯಂ ಗಿರಾಕಿ ಸಿಗುತ್ತಾರೆ. ಆದರೆ ತಯಾರಿಕೆಯ ತಂಡ ತಂಡಕ್ಕೂ ಶಕ್ತಿ ಬೇರೆಯಾಗದಂತೆ ಅಳತೆ ಕಾಯ್ದುಕೊಳ್ಳುವುದು, ಚೀಟಿ ಅಂಟಿಸುವುದು ಅಗತ್ಯ. ಕಾಯಿಲೆಯವರಿರುವ ಮನೆಗೆ ದರ್ಜೆ ನಮೂದಿಸಿದ ಫಿನಾಯಿಲೇ ಲೇಸು.

ಎಚ್ಚರಿಕೆ

ಆ್ಯಸಿಡ್ ಇರುವ ಶೌಚಾಲಯದ ದ್ರವವನ್ನು ಬ್ಲೀಚಿಂಗ್ ಪುಡಿಯ ಜತೆ ಎಂದೂ ಬೆರೆಸಬಾರದು. ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಖುಲ್ಲಾ ಸಿಗುವ ಆ್ಯಸಿಡ್, ಫಿನಾಯಿಲ್ ಅಗ್ಗವಾದರೂ ಅವನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಡುವುದು ಮಕ್ಕಳಿರುವ ಮನೆಯಲ್ಲಿ ಪ್ರಾಣಕ್ಕೆ ಅಪಾಯ. ಯಾರಾದರೂ ಕುಡಿದರೆ ಬಲವಂತದಿಂದ ವಾಂತಿ ಮಾಡಿಸಬಾರದು. ಡಬ್ಬಿಯನ್ನು ಚೀಟಿ ಸಮೇತ ಎತ್ತಿಕೊಂಡು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಒಳಗಿನ ರಾಸಾಯನಿಕ ಯಾವುದೆಂದು ತಿಳಿದರೆ ವೈದ್ಯರ ಚಿಕಿತ್ಸೆ ತಡವಿಲ್ಲದೆ ಶುರುವಾಗುತ್ತದೆ.