ಹತ್ತನೆಯ ದಿನ

ಔಷಧಗಳ ಚರಿತ್ರೆಯನ್ನು ಬರೆಯುವವರು ಅವನ್ನು ಕಂಡುಹಿಡಿದವರ ಹೆಸರನ್ನು ಬರೆಯುತ್ತಾರೆ; ಒಮ್ಮೊಮ್ಮೆ ಮೊದಲು ಅದನ್ನು ಪಡೆದ ರೋಗಿಯ ಹೆಸರನ್ನೂ ಬರೆಯುವುದುಂಟು. ರೋಗಿಯ ಮಗ್ಗುಲಲ್ಲಿ ಕುಳಿತಿದ್ದವರು ಆ ಪುಟಗಳಲ್ಲಿ ಕಾಣುವುದು ಅಪರೂಪ. ಕ್ಯಾನ್ಸರಿಗೆ ಕೊಡುವ ರಾಸಾಯನಿಕ ಚಿಕಿತ್ಸೆಯ, ಅಂದರೆ ಕಿಮೋಥೆರಪಿಯ, ಕಥೆಯನ್ನು ಹೇಳುವಾಗ ಈ ಮೂರನೆಯವರನ್ನೂ ನೆನೆಯಬೇಕೆಂಬುದು ನನ್ನ ಆಸೆ.

ಈ ಚಿಕಿತ್ಸೆಯ ಮೂಲವಿರುವುದು ಯುದ್ಧಭೂಮಿಯಲ್ಲಿ. 1917ರ ಜುಲೈ ತಿಂಗಳಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೇನೆ ಸಾಸಿವೆ ಅನಿಲವನ್ನು ಮೊದಲ ಬಾರಿಗೆ ಪ್ರಯೋಗಿಸಿತು. ಅದು ಮೈಯನ್ನು ಸುಟ್ಟಿತು, ಕಣ್ಣನ್ನು ಕೆಡಿಸಿತು. ಅದಕ್ಕೆ ಸಿಕ್ಕವರ ರಕ್ತದಲ್ಲಿ ಬಿಳಿಯ ಕಣಗಳು ಬರಿದಾಗುತ್ತಿದ್ದುದನ್ನು ವೈದ್ಯರು 1919ರಲ್ಲಿಯೇ ಬರೆದಿಟ್ಟರು. ಎರಡನೆಯ ಮಹಾಯುದ್ಧದ ಕಾಲಕ್ಕೆ, ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿದ್ದ ಲೂಯಿ ಗುಡ್‌ಮನ್ ಮತ್ತು ಆಲ್‌ಫ್ರೆಡ್ ಗಿಲ್ಮನ್ ಈ ವಿಷದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು ಪರೀಕ್ಷಿಸತೊಡಗಿದರು. ಬಿಳಿಯ ಕಣಗಳನ್ನು ಅಳಿಸುವ ವಸ್ತು, ಅಂತಹ ಕಣಗಳೇ ಮಿತಿಮೀರಿ ಬೆಳೆಯುವ ರೋಗವನ್ನೂ ಅಳಿಸಬಾರದೇಕೆ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ನಮ್ಮ ಹಿರಿಯರ ಯುಕ್ತಿ ಇದು. ಅಂದಹಾಗೆ, ಇವರಿಬ್ಬರೂ ಆಪ್ತ ಗೆಳೆಯರು. 1941ರಲ್ಲಿ ಹುಟ್ಟಿದ ಮಗನಿಗೆ ಗಿಲ್ಮನ್ ತಮ್ಮ ಗೆಳೆಯನ ಹೆಸರನ್ನೂ ಸೇರಿಸಿ ಆಲ್‌ಫ್ರೆಡ್ ಗುಡ್‌ಮನ್ ಗಿಲ್ಮನ್ ಎಂದು ಕರೆದರು. ಆ ಮಗನಿಗೆ 1994ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು.

1942ರ ಆಗಸ್ಟ್ 27ರಂದು ಯೇಲ್‌ನಲ್ಲಿ ಒಬ್ಬ ರೋಗಿಯ ರಕ್ತನಾಳಕ್ಕೆ ಆ ಔಷಧವನ್ನು ಮೊದಲು ಕೊಡಲಾಯಿತು. ಆತ ಪೋಲೆಂಡಿನಿಂದ ವಲಸೆ ಬಂದವನು; ಜಗತ್ತು ಆತನನ್ನು ಬಲ್ಲುದು 'ಜೆ. ಡಿ.' ಎಂಬ ಎರಡಕ್ಷರಗಳಿಂದ ಮಾತ್ರ. ಯುದ್ಧಕಾಲದ ಗುಟ್ಟಾದುದರಿಂದ ದಾಖಲೆಯಲ್ಲಿ ಔಷಧದ ಹೆಸರನ್ನೂ ಬರೆಯಲಿಲ್ಲ. ಕೊರಳಿನ ಗಡ್ಡೆ ಕರಗಿತು. ಆದರೆ ಬಿಳಿಯ ಕಣಗಳೂ ಕುಸಿದವು, ರೋಗವೂ ಮರಳಿತು. ಡಿಸೆಂಬರ್ 1ರಂದು ಆತ ತೀರಿಕೊಂಡನು. ಆ ತೊಂಬತ್ತಾರು ದಿನ ಆತನಿಗೆ ನೀರು ಕುಡಿಸಿದವರು ಯಾರು? ಔಷಧದ ಪ್ರಮಾಣವನ್ನು ಬರೆಯುವ ಪುಸ್ತಕದಲ್ಲಿ ಅಂತಹವರಿಗೆ ಅಂಕಣವಿರುವುದಿಲ್ಲ.

ಅಂಕಣವಿಲ್ಲದ ಈ ಸಂಗತಿಯನ್ನು ಗಮನಿಸಿದವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್. 1947ರ ಕೊನೆಯಲ್ಲಿ ಅವರು ರಕ್ತಕ್ಯಾನ್ಸರಿನ ಮಕ್ಕಳಿಗೆ ಅಮಿನೋಪ್ಟೆರಿನ್ ಎಂಬ ಔಷಧವನ್ನು ಕೊಡಲಾರಂಭಿಸಿದರು. ಅದನ್ನು ತಯಾರಿಸಿಕೊಟ್ಟುದು, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಲೆಡರ್ಲಿ ಪ್ರಯೋಗಶಾಲೆ. ರೋಗಿಗೆ ಮದ್ದಿನಷ್ಟೇ ಮನೆಯವರ ಹಾಗೂ ಇತರರ ಆಸರೆಯೂ ಬೇಕೆಂಬುದು ಫಾರ್ಬರ್ ಅವರ ನಂಬಿಕೆ. 1948ರ ಮೇ 22ರಂದು ಅವರ ರೋಗಿಯಾಗಿದ್ದ ಹನ್ನೆರಡರ ಬಾಲಕನ ಹಾಸಿಗೆಯ ಬಳಿಗೆ ರೇಡಿಯೋ ಬಂದಿತು. ಕೇಳುಗರಿಗೆ ಆತ 'ಜಿಮ್ಮಿ'. ನಿಜನಾಮ ಐನಾರ್ ಗುಸ್ಟಾಫ್‌ಸನ್. ಆತ ಮೆಚ್ಚಿದ ಬೇಸ್‌ಬಾಲ್ ತಂಡದ ಆಟಗಾರರು ಒಬ್ಬೊಬ್ಬರಾಗಿ ಕೊಠಡಿಯೊಳಕ್ಕೆ ಬಂದು ಮಾತನಾಡಿಸಿದರು, ಒಟ್ಟಿಗೆ ಹಾಡಿದರು. ಕೇಳಿದವರು ಕಳುಹಿಸಿದ ಹಣ ಎರಡು ಲಕ್ಷ ಡಾಲರುಗಳನ್ನು ಮೀರಿತು. ಆ ಹುಡುಗ ಬದುಕಿದನು. ಮೊಮ್ಮಕ್ಕಳನ್ನು ಕಂಡು 2001ರಲ್ಲಿ ತೀರಿಕೊಂಡನು.

ಪಕ್ಕದಲ್ಲಿರುವುದೆಂದರೇನೆಂಬುದನ್ನು ನಾನು ಕಲಿತದ್ದು 1986ರಲ್ಲಿ, ತಪ್ಪು ಮಾಡಿ. ತುಮಕೂರಿನಲ್ಲಿ ನನ್ನೊಡನೆ ಉಪಾಧ್ಯಾಯನಾಗಿದ್ದ ಗೆಳೆಯನಿಗೆ ದುಗ್ಧಗ್ರಂಥಿಗಳ ಕ್ಯಾನ್ಸರು. ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ನಾಲ್ಕು ಔಷಧಗಳನ್ನು ಪಡೆಯಬೇಕಿತ್ತು. ಅವುಗಳಲ್ಲಿ ಒಂದಾದ ಸೈಕ್ಲೋಫಾಸ್ಫಮೈಡ್ ಆ ಸಾಸಿವೆ ಅನಿಲದ ವಂಶದ್ದೇ. ಇನ್ನೊಂದಾದ ವಿನ್‌ಕ್ರಿಸ್ಟೀನ್ ನಮ್ಮ ಹಿತ್ತಲಿನ ಸದಾಪುಷ್ಪದ ಗಿಡದಿಂದ ಬಂದುದು. ವಾಂತಿಯನ್ನು ತಡೆಯುವ ಇಂದಿನ ಒಳ್ಳೆಯ ಮದ್ದುಗಳು ಆಗಿನ್ನೂ ಬಂದಿರಲಿಲ್ಲ. ಬೆಳಗಿನ ಬಸ್ಸಿನಲ್ಲಿ ಕರೆದೊಯ್ದು, ಬೋಗುಣಿ ಹಿಡಿದು, ರಾತ್ರಿ ಮನೆ ತಲುಪಿಸಿದರೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ.

ಈ ಮದ್ದಿನ ಸ್ವಭಾವವೇ ಬೇರೆ. ಬೇಗ ಬೆಳೆಯುವ ಕಣಗಳನ್ನು ಅದು ಹುಡುಕಿ ಹೊಡೆಯುತ್ತದೆ; ಕೂದಲಿನ ಬೇರೂ ಬಾಯೊಳಗಿನ ಪೊರೆಯೂ ಎಲುಬಿನ ಮಜ್ಜೆಯೂ ಆ ಏಟಿಗೆ ಸಿಗುತ್ತವೆ. ಬಿಳಿಯ ಕಣಗಳು ಅತ್ಯಂತ ಕೆಳಗಿಳಿಯುವುದು ಮದ್ದು ಕೊಟ್ಟ ದಿನವಲ್ಲ; ಸುಮಾರು ಏಳರಿಂದ ಹದಿನಾಲ್ಕನೆಯ ದಿನದೊಳಗೆ. ಆಗ ರೋಗಿ ಮನೆಯಲ್ಲಿರುತ್ತಾನೆ. ಆ ದಿನಗಳಲ್ಲಿ 100.4 ಡಿಗ್ರಿಯ ಜ್ವರವೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಆಪತ್ತು. ವೈದ್ಯರು ಇದನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಚೀಟಿ ನನ್ನ ಜೇಬಿನಲ್ಲಿಯೇ ಉಳಿಯಿತು.

ಎರಡನೆಯ ಸುತ್ತಿನ ಹತ್ತನೆಯ ದಿನ ಅವನಿಗೆ ಚಳಿ ಬಂದಿತು. ವೃದ್ಧ ತಾಯಿ ಕಷಾಯ ಕುಡಿಸಿ ಕಂಬಳಿ ಹೊದೆಸಿದರು. ನಾನು ಹೋದದ್ದು ಮರುದಿನ ಸಂಜೆ, ಅದೂ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಕೊಡಲು. ಮೈ ಮುಟ್ಟಿ ನೋಡಿದಾಗ ನನ್ನ ಕೈ ನಡುಗಿತು. ಬಾಡಿಗೆ ಕಾರಿನಲ್ಲಿ ರಾತ್ರಿಯೇ ಬೆಂಗಳೂರಿಗೆ ಕರೆದೊಯ್ದೆ. ಎಂಟು ದಿನಗಳ ತರುವಾಯ ಎದ್ದು ಕುಳಿತಾಗ ಅವನು ನನ್ನನ್ನು ದೂರಲಿಲ್ಲ. "ಆಸ್ಪತ್ರೆಯಲ್ಲಿ ನೋಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ ಕಣಯ್ಯ, ನೀನು ಹತ್ತನೆಯ ದಿನ ಬಾ" ಎಂದನು.

ಆಮೇಲಿನ ನಾಲ್ಕು ಸುತ್ತುಗಳಲ್ಲಿಯೂ ಆ ಒಂದು ವಾರ ಅವನ ಮನೆಯ ಪಡಸಾಲೆಯಲ್ಲಿಯೇ ಮಲಗಿದೆ. ಬೆಳಿಗ್ಗೆ ಸಂಜೆ ಜ್ವರಮಾಪಕ ಇಡುವುದು, ಬಿಸಿಯಾದ ಗಂಜಿ ಕೊಡುವುದು, ಕೆಮ್ಮುತ್ತ ಬಂದ ನೆಂಟರನ್ನು ಬಾಗಿಲಲ್ಲಿಯೇ ವಿನಯದಿಂದ ತಡೆಯುವುದು, ಮಾತು ಬೇಡವೆಂದಾಗ ಸುಮ್ಮನಿರುವುದು, ಇಷ್ಟೇ ನನ್ನ ಕೆಲಸ. ಧೈರ್ಯ ಹೇಳುವುದನ್ನು ಬಿಟ್ಟೆ. ಅದು ನನ್ನಲ್ಲಿಗಿಂತ ಅವನಲ್ಲಿಯೇ ಹೆಚ್ಚಾಗಿತ್ತು. ಮರುವರ್ಷ ಅವನು ಮತ್ತೆ ಶಾಲೆಗೆ ಬಂದನು.

ಇಂದು ಮದ್ದುಗಳು ಸುಧಾರಿಸಿವೆ, ಬಿಳಿಯ ಕಣಗಳನ್ನು ಬೇಗ ಎತ್ತುವ ಚುಚ್ಚುಮದ್ದುಗಳೂ ಬಂದಿವೆ. ಆದರೂ ಹತ್ತನೆಯ ದಿನ ಹೋಗಿಲ್ಲ. ನಿಮ್ಮ ಗೆಳೆಯರೊಬ್ಬರು ಈ ಚಿಕಿತ್ಸೆಯಲ್ಲಿದ್ದರೆ ಹಣ್ಣು ಹಿಡಿದು ಆಸ್ಪತ್ರೆಗೆ ಹೋಗಿ ಬನ್ನಿ, ಅದು ಒಳ್ಳೆಯದೇ. ಅವರು ಮನೆಗೆ ಮರಳಿದ ಮೇಲೆ ದಿನಗಳನ್ನು ಎಣಿಸುತ್ತಿರಿ.