ಕೈಲಾಸಂ ಬಿಟ್ಟ ನೌಕರಿ

೧೯೪೫ನೆಯ ಇಸವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನಾವಿರುವ ಈ ಊರಿನಲ್ಲಿಯೇ, ಅಂದಿನ ಮದರಾಸಿನಲ್ಲಿ, ಸೇರಿತ್ತು. ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಟಿ. ಪಿ. ಕೈಲಾಸಂ. ಅವರ ಮನೆಮಾತು ತಮಿಳು; ಕಲಿತ ವಿದ್ಯೆ ಭೂಗರ್ಭಶಾಸ್ತ್ರ; ಮಾಡಿದ ಉದ್ಯೋಗ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ. ಈ ಮೂರರಲ್ಲಿ ಯಾವುದನ್ನು ಹಿಡಿದು ಹೊರಟರೂ ಆ ಪೀಠಕ್ಕೆ ದಾರಿ ಕಾಣುವುದಿಲ್ಲ. ಹೊರನಾಡ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಇಂಜಿನಿಯರಿಂಗು, ಮಕ್ಕಳ ಕಂಪ್ಯೂಟರು ಎಂಬ ಮಾತೇ ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ನಡೆಯುವ ಈ ಕಾಲದಲ್ಲಿ, ಅಂಥದೇ ವಿದ್ಯೆಯನ್ನು ಸಂಪಾದಿಸಿ, ಸಂಬಳದ ಕುರ್ಚಿಯನ್ನು ಹತ್ತಿ, ಅಲ್ಲಿಂದ ತಾವಾಗಿಯೇ ಇಳಿದು ನಾಟಕಕ್ಕೆ ಹೋದ ಈ ಮಹನೀಯರ ಕಥೆಯನ್ನು ಮತ್ತೊಮ್ಮೆ ನೋಡುವುದು ಅಪ್ರಸ್ತುತವಾಗಲಾರದು.

ಕೈಲಾಸಂ ಹುಟ್ಟಿದ್ದು ೧೮೮೪ರಲ್ಲಿ. ತಂದೆ ಟಿ. ಪರಮಶಿವ ಅಯ್ಯರ್ ಮೈಸೂರಿನಲ್ಲಿ ನ್ಯಾಯಾಧೀಶರಾಗಿದ್ದವರು. ನ್ಯಾಯಪೀಠದ ಗೌರವದ ಜೊತೆಗೆ ಅಪಾರ ವಿದ್ವತ್ತಿನ ಹೆಸರೂ ಅವರಿಗಿತ್ತು. ಋಗ್ವೇದಕ್ಕೆ ಭೂಗರ್ಭಶಾಸ್ತ್ರದ ದೃಷ್ಟಿಯಿಂದ ಅರ್ಥ ಹೇಳುವ ಇಂಗ್ಲಿಷ್ ಗ್ರಂಥವೊಂದನ್ನು ಅವರು ೧೯೧೧ರಲ್ಲಿ ಪ್ರಕಟಿಸಿದರು. ಆದ್ದರಿಂದ ಕಲ್ಲು ಮಣ್ಣುಗಳ ಶಾಸ್ತ್ರ ಆ ಮನೆಗೆ ಹೊರಗಿನಿಂದ ಬಂದ ಅತಿಥಿಯಲ್ಲ. ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅದನ್ನೇ ಓದಿದರು. ಕಡಲ ತೀರದಲ್ಲಿ ಇಂದಿಗೂ ನಿಂತಿರುವ ಆ ಕೆಂಪು ಕಟ್ಟಡದ ಮುಂದೆ ನಮ್ಮಲ್ಲಿ ಎಷ್ಟೋ ಮಂದಿ ಬಸ್ಸಿನಲ್ಲಿ ಹಾದುಹೋಗುತ್ತೇವೆ. ಅಲ್ಲಿಂದ ವಿದ್ಯಾರ್ಥಿವೇತನ ಪಡೆದು, ೧೯೦೮ರಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ಹೋದರು.

ಲಂಡನ್ನಿನಲ್ಲಿ ಪಾಠವೂ ನಡೆಯಿತು, ನಾಟಕವೂ ನಡೆಯಿತು. ಅಲ್ಲಿಯ ರಂಗಭೂಮಿ ಆಗ ಇಬ್ಸೆನ್, ಷಾ ಇವರ ಹೊಸ ಗಾಳಿಗೆ ಸಿಕ್ಕಿದ್ದ ಕಾಲ. ರಾಜ ರಾಣಿಯರ ಬದಲು ಮಧ್ಯಮ ವರ್ಗದ ಮನೆಯ ನಡುಕೋಣೆಯೇ ರಂಗಸ್ಥಳವಾಗಿ, ಗಂಡ ಹೆಂಡಿರ ಮಾತೇ ನಾಟಕವಾಗಿ ಬರುತ್ತಿತ್ತು. ಇದನ್ನೆಲ್ಲ ಕೈಲಾಸಂ ಕಣ್ತುಂಬ ನೋಡಿದರು. ಅಲ್ಲಿಯ ಜನಪ್ರಿಯ ಹಾಡುಗಳ ಧಾಟಿಯೂ ಅವರ ಕಿವಿಯಲ್ಲಿ ನಿಂತಿತು. ಟಿಪ್ಪರರಿ ಹಾಡು ಅವರ ಬಾಯಲ್ಲಿ ತಿಪ್ಪಾರಳ್ಳಿಯ ಹಾಡಾಗಿ, ದೂರದ ಊರನ್ನು ನೆನೆಯುವ ಹಳ್ಳಿಗನ ಮಾತಾಯಿತು. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ನಗೆಯ ಹಾಡು ಮಾತ್ರವಲ್ಲ.

೧೯೧೫ರ ಹೊತ್ತಿಗೆ ಸ್ವದೇಶಕ್ಕೆ ಮರಳಿ ಭೂಗರ್ಭ ಇಲಾಖೆಯನ್ನು ಸೇರಿದರು. ೧೮೯೪ರಲ್ಲಿ ಸ್ಥಾಪಿತವಾದ ಈ ಇಲಾಖೆ ಸಂಸ್ಥಾನದ ಹೆಮ್ಮೆಯ ಇಲಾಖೆಗಳಲ್ಲೊಂದು. ಕೋಲಾರದ ಚಿನ್ನ ಆಗ ಸಂಸ್ಥಾನಕ್ಕೆ ದೊಡ್ಡ ವರಮಾನ. ವಿಲಾಯತಿಯ ಪದವಿ, ನ್ಯಾಯಾಧೀಶರ ಮಗ, ಸರ್ಕಾರಿ ಹುದ್ದೆ: ಇನ್ನು ಮುಂದೆ ವರ್ಷಾವಧಿ ಬಡ್ತಿ, ಕೊನೆಗೆ ಪಿಂಚಣಿ. ಆದರೆ ೧೯೨೦ರ ಸುಮಾರಿಗೆ ಅವರು ರಾಜೀನಾಮೆ ಕೊಟ್ಟರು. ಆ ವೇಳೆಗಾಗಲೇ ‘ಟೊಳ್ಳುಗಟ್ಟಿ’ ಬರೆದಾಗಿತ್ತು.

ಆ ನಾಟಕದ ವಸ್ತುವನ್ನು ನೋಡಿದರೆ ಕಾರಣ ಬೇರೆ ಹುಡುಕಬೇಕಾಗಿಲ್ಲವೆಂದು ನನಗೆ ತೋರುತ್ತದೆ. ಒಂದು ಮನೆ, ಇಬ್ಬರು ಅಣ್ಣತಮ್ಮಂದಿರು. ಪುಟ್ಟು ಪರೀಕ್ಷೆಯಲ್ಲಿ ಮುಂದು, ತಂದೆಯ ಕಣ್ಮಣಿ. ಮಾಧು ಓದಿನಲ್ಲಿ ಹಿಂದು, ಆದರೆ ಕಷ್ಟ ಬಂದವರ ಬಳಿಗೆ ಮೊದಲು ಓಡುವವನು ಅವನೇ. ಇವರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು ಎಂಬುದೇ ಪ್ರಶ್ನೆ. ಇದನ್ನು ಬರೆದವರು ಪರೀಕ್ಷೆಯಲ್ಲಿ ನಪಾಸಾದವರಲ್ಲ ಎಂಬುದನ್ನು ಗಮನಿಸಬೇಕು. ಸೋತವನು ಪರೀಕ್ಷೆಯನ್ನು ಹಳಿದರೆ ಲೋಕ ನಗುತ್ತದೆ. ಗೆದ್ದವರೇ ಈ ಪ್ರಶ್ನೆ ಕೇಳಿದ್ದರಿಂದ ತಂದೆತಾಯಿಗಳು ಸುಮ್ಮನೆ ಕೂತು ಕೇಳಬೇಕಾಯಿತು.

ಅಂದಿನ ಕನ್ನಡ ರಂಗಭೂಮಿ ವೃತ್ತಿನಾಟಕ ಕಂಪೆನಿಗಳದು. ವರದಾಚಾರ್ಯರು, ಗುಬ್ಬಿ ವೀರಣ್ಣನವರು ಇವರ ಕಂಪೆನಿಗಳ ವೈಭವ ಅಸಾಧಾರಣವಾದುದು. ಅದನ್ನು ಕೀಳಾಗಿ ಕಾಣುವುದು ಇತ್ತೀಚಿನವರ ಅವಿವೇಕ. ಆದರೆ ಅಲ್ಲಿ ಆಡುವ ಮಾತಿಗೂ ಮನೆಯಲ್ಲಿ ಆಡುವ ಮಾತಿಗೂ ನಂಟಿರಲಿಲ್ಲ. ಕೈಲಾಸಂ ಆ ಮನೆಮಾತನ್ನು, ಬೆಂಗಳೂರು ಮೈಸೂರುಗಳ ಓದಿದವರ ಅರ್ಧ ಇಂಗ್ಲಿಷ್ ಬೆರೆತ ಮಾತನ್ನು, ಇದ್ದದ್ದು ಇದ್ದಹಾಗೆ ರಂಗಕ್ಕೆ ತಂದರು. ಕನ್ನಡ ಕೆಟ್ಟಿತೆಂದು ಕೆಲವರು ಆಕ್ಷೇಪಿಸಿದರು. ಆ ಬೆರಕೆಯನ್ನು ತೋರಿಸಿ ನಗಿಸಿದವರೇ ಅದಕ್ಕೆ ಕಾರಣರಾದರೆಂಬ ಈ ವಾದ, ಕನ್ನಡಿಯ ಮೇಲೆ ಸಿಟ್ಟಾದಂತೆ. ಇನ್ನು ಅವರ ಹಾಡುಗಳಲ್ಲಿ ಬರುವ ಹಳ್ಳಿಯ ನುಡಿಗೆ ಇಲಾಖೆಯ ಸಂಚಾರವೂ ಒಂದು ಕಾರಣವಿರಬಹುದೆಂದು ನನ್ನ ಊಹೆ. ಸುತ್ತಿಗೆ ಹಿಡಿದು ಬೆಟ್ಟ ಬಯಲು ಅಲೆಯುವವನಿಗೆ ಕಲ್ಲಿನ ಜೊತೆ ಮಾತೂ ಸಿಕ್ಕುತ್ತದೆ.

‘ಹೋಂ ರೂಲು’, ‘ಪೋಲಿ ಕಿಟ್ಟಿ’, ‘ಬಹಿಷ್ಕಾರ’, ‘ಅಮ್ಮಾವ್ರ ಗಂಡ’ ಹೀಗೆ ನಾಟಕಗಳು ಬಂದವು. ‘ಬಂಡ್ವಾಳ್ವಿಲ್ಲದ ಬಡಾಯಿ’ ಎಂಬ ಹೆಸರನ್ನು ಕೇಳಿದಾಗಲೆಲ್ಲ, ಬ್ಯಾಂಕಿನ ಮೇಜಿನ ಈಚೆ ಕುಳಿತು ಸಾಲದ ಅರ್ಜಿ ನೋಡುವ ನನಗೆ ಅದಕ್ಕಿಂತ ಒಳ್ಳೆಯ ಷರಾ ಹೊಳೆದಿಲ್ಲ. ಇಂಗ್ಲಿಷಿನಲ್ಲಿ ಅವರು ಏಕಲವ್ಯನನ್ನೂ ಕರ್ಣನನ್ನೂ ಕುರಿತು ಬರೆದ ನಾಟಕಗಳು ಬೇರೊಂದು ಗಾಂಭೀರ್ಯದವು. ಅಲ್ಲಿಯೂ, ವಿದ್ಯೆ ಕೈಗೂಡಿಯೂ ಅದರ ಫಲ ಕೈಗೆ ಸಿಕ್ಕದವರೇ ನಾಯಕರು.

ಇನ್ನು ಜಮಾಖರ್ಚಿನ ಮಾತು. ಕೈಲಾಸಂರನ್ನು ನೆನೆಯುವಾಗ ನಾವು ಅವರ ಹಾಸ್ಯಚಟಾಕಿಗಳನ್ನು ಹೇಳಿ ನಕ್ಕು ಮುಗಿಸುತ್ತೇವೆ. ಖರ್ಚಿನ ಪುಟವನ್ನು ತೆರೆಯುವುದಿಲ್ಲ. ಸಂಬಳ ಹೋಯಿತು, ಅನಂತರ ಅವರ ಕೈಯಲ್ಲಿ ಹಣ ನಿಂತದ್ದು ಕಡಮೆ. ಸಂಸಾರ ಸುಖವೂ ಅವರಿಗಿರಲಿಲ್ಲ, ಅವರನ್ನು ನಂಬಿದವರಿಗೂ ಇರಲಿಲ್ಲ. ತಮ್ಮ ಕೋಣೆಗೆ ‘ನೂಕ್’ ಎಂದು ಹೆಸರಿಟ್ಟು, ಸಿಗರೇಟಿನ ಹೊಗೆಯ ನಡುವೆ ಸ್ನೇಹಿತರ ಮುಂದೆ ಇಡೀ ನಾಟಕವನ್ನು ತಾವೊಬ್ಬರೇ ಎಲ್ಲ ಪಾತ್ರಗಳಾಗಿ ಆಡಿ ತೋರಿಸುತ್ತಿದ್ದರು. ಬರೆದಿಡುವ ಅಭ್ಯಾಸ ಮಾತ್ರ ಇಲ್ಲ. ಹೇಳುತ್ತಿದ್ದರು, ಬೇರೆಯವರು ಬರೆದುಕೊಳ್ಳಬೇಕು. ಬರೆದುಕೊಳ್ಳುವವರಿಲ್ಲದ ದಿನ ಹೇಳಿದ್ದು ಗಾಳಿಗೆ ಹೋಯಿತು. ಈ ನಷ್ಟಕ್ಕೆ ಯಾವ ಲೆಡ್ಜರಿನಲ್ಲಿಯೂ ಲೆಕ್ಕವಿಲ್ಲ.

ಅವರನ್ನು ಉಳಿಸಿದವರು ಯಾರು? ನೌಕರಿ ಬಿಡದವರು! ಬೆಂಗಳೂರಿನಲ್ಲಿ ೧೯೦೯ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ಅದರಂಥ ಇತರ ವಿಲಾಸಿ ಮಂಡಲಿಗಳು, ವಕೀಲರು, ಉಪಾಧ್ಯಾಯರು, ಗುಮಾಸ್ತರು ಮೊದಲಾದ ಓದಿದವರ ಕೂಟ. ಹಗಲು ಕೆಲಸ, ಸಂಜೆ ತಾಲೀಮು. ಇಂಥವರಿಗೆ ಜರತಾರಿ ಉಡುಪು, ಬಣ್ಣದ ಪರದೆ, ಹಾರ್ಮೋನಿಯಂ ಮೇಳ ಎಲ್ಲಿಂದ ಬರಬೇಕು? ಕೈಲಾಸಂ ನಾಟಕಕ್ಕೆ ನಾಲ್ಕು ಕುರ್ಚಿ, ಒಂದು ಮೇಜು, ಮನೆಯಿಂದ ತಂದ ಕೋಟು ರುಮಾಲು ಸಾಕಾಗಿತ್ತು. ಹಾಡಲು ಬರಬೇಕೆಂದೂ ಇಲ್ಲ, ಮಾತಾಡಲು ಬಂದರಾಯಿತು. ಒಬ್ಬರು ಬಿಟ್ಟ ಕೆಲಸದಿಂದ ಹುಟ್ಟಿದ ನಾಟಕಗಳು ಕೆಲಸ ಬಿಡಲಾರದ ನೂರಾರು ಮಂದಿಯನ್ನು ರಂಗಕ್ಕೆ ಹತ್ತಿಸಿದುವು. ಹೊರನಾಡ ಸಂಘಗಳ ವಾರ್ಷಿಕೋತ್ಸವದ ಸಣ್ಣ ವೇದಿಕೆಗೆ ಅವು ಅಳತೆ ತೆಗೆದು ಹೊಲಿದಂತೆ ಒಗ್ಗುವುದೂ ಇದೇ ಕಾರಣದಿಂದ.

ಮದರಾಸಿನ ಸಮ್ಮೇಳನ ಕಳೆದು ಒಂದು ವರ್ಷವಾಗುವಷ್ಟರಲ್ಲಿ, ೧೯೪೬ರ ನವೆಂಬರಿನಲ್ಲಿ, ಕೈಲಾಸಂ ತೀರಿಕೊಂಡರು. ನಾವು ಈ ದಿನ ಯಾವ ರಾಜ್ಯದ ಉದಯವನ್ನು ಆಚರಿಸುತ್ತಿದ್ದೇವೆಯೋ ಅದಕ್ಕೆ ಇನ್ನೂ ಹತ್ತು ವರ್ಷಗಳಿದ್ದುವು. ಅವರು ಬಾಯಿಂದ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದವರಲ್ಲಿ ಬಿ. ಎಸ್. ರಾಮರಾಯರು ಪ್ರಮುಖರು. ಅವರ ಶ್ರಮದಿಂದ ‘ಕೀಚಕ’ ಎಂಬ ಇಂಗ್ಲಿಷ್ ನಾಟಕ, ಕರ್ತೃವಿನ ಮರಣಾನಂತರ, ೧೯೪೯ರಲ್ಲಿ ಅಚ್ಚಾಗಿ ಹೊರಬಂತು.