ಕಾಣಬೇಕಾದರೆ ಕತ್ತಲೂ ಬೇಕು

ಚರಿತ್ರೆಯೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದೇ ನಮ್ಮ ಮಕ್ಕಳ ಎಣಿಕೆ. ಇಷ್ಟು ವರ್ಷ ಅದನ್ನೇ ಕಲಿಸಿಕೊಂಡು ಬಂದ ನನಗೆ ಮಾತ್ರ ಪ್ರಯೋಗಶಾಲೆಯ ಗಾಜಿನ ನಳಿಕೆಗಳ ಚರಿತ್ರೆಯೂ ಅಷ್ಟೇ ಪ್ರಿಯ.

ಬಟ್ಟೆ ಒಗೆಯುವ ಪುಡಿಯನ್ನೇ ತೆಗೆದುಕೊಳ್ಳಿ. ಬಿಳಿ ಅಂಗಿ ಬಿಸಿಲಲ್ಲಿ ಕಣ್ಣು ಕುಕ್ಕುವಂತೆ ಹೊಳೆಯುವುದು ಕೊಳೆ ಹೋದದ್ದರಿಂದ ಮಾತ್ರವಲ್ಲ. ಪುಡಿಗೆ ಬೆರೆಸಿದ ಒಂದು ವಸ್ತು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ, ಕಾಣುವ ನೀಲಿ ಬೆಳಕಾಗಿ ಹಿಂದಿರುಗಿಸುತ್ತದೆ. ಇದೇ ಪ್ರತಿದೀಪ್ತಿ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನಿನ ದ್ರಾವಣದಲ್ಲಿ ಈ ನೀಲಿ ಹೊಳಪನ್ನು 1845ರಲ್ಲಿ ಜಾನ್ ಹರ್ಷೆಲ್ ವರ್ಣಿಸಿದ್ದರು. ಅದರ ಗುಟ್ಟನ್ನು ಬಿಡಿಸಿದವರು ಜಾರ್ಜ್ ಸ್ಟೋಕ್ಸ್, 1852ರಲ್ಲಿ.

ಈ ಹೊಳಪು ನಮ್ಮ ಮೈಯೊಳಗಿನ ಗುಟ್ಟುಗಳನ್ನೂ ತೋರಿಸಿಕೊಟ್ಟಿತು. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸಣ್ಣ ಸರಕ್ಕೆ ಪೆಪ್ಟೈಡ್ ಎನ್ನುತ್ತಾರೆ. ದೇಹದ ಎಷ್ಟೋ ಸಂದೇಶಗಳನ್ನು ಒಯ್ಯುವವು ಇವೇ. ಆದರೆ ಇರುವುದು ಚೂರೇ ಚೂರು. ಥೈರಾಯ್ಡ್ ಮಾತ್ರೆ ನುಂಗುವ ಗೆಳತಿಯರು ಕೇಳಿ: ಮಿದುಳಿನಿಂದ ಹೊರಟು ಆ ಗ್ರಂಥಿಯನ್ನು ಎಚ್ಚರಿಸುವ ಸರಣಿಯ ಮೊದಲ ಪೆಪ್ಟೈಡ್ ಟಿಆರ್‌ಎಚ್. ಅದರಲ್ಲಿ ಬರೀ 3 ಮಣಿ. ಅದನ್ನು 1 ಮಿಲಿಗ್ರಾಂನಷ್ಟು ಶುದ್ಧವಾಗಿ ಪಡೆಯಲು ಅಮೆರಿಕದಲ್ಲಿ ರೋಜರ್ ಗಿಯೆಮಾಂ ತಂಡಕ್ಕೆ ಸುಮಾರು 3 ಲಕ್ಷ ಕುರಿಗಳ ಮಿದುಳಿನ ತುಣುಕು ಬೇಕಾಯಿತು! ಅದರ ರಚನೆ ತಿಳಿದದ್ದು 1969ರಲ್ಲಿ.

ಹೀಗೆ ರಾಶಿ ಹಾಕದೆ, ಇದ್ದ ಚೂರನ್ನೇ ಕಾಣುವಂತೆ ಮಾಡಬಾರದೇ? ಇದಕ್ಕೆ ದಾರಿ ಹುಡುಕಿದವರಲ್ಲಿ ಸಿಡ್ನಿ ಉಡೆನ್‌ಫ್ರೆಂಡ್ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ಜಾವಾದ ಕ್ವಿನೈನ್ ಜಪಾನೀಯರ ವಶವಾದಾಗ, ಬದಲಿ ಔಷಧಿ ಅಟಾಬ್ರಿನ್ ರಕ್ತದಲ್ಲಿ ಎಷ್ಟಿದೆಯೆಂದು ಹೊಳಪಿನಿಂದಲೇ ಅಳೆದವರ ಜೊತೆ ನ್ಯೂಯಾರ್ಕಿನಲ್ಲಿ ದುಡಿದವರು ಅವರು.

ರಕ್ತದಲ್ಲಿ ಫಿನೈಲ್‌ಅಲನೀನ್ ಅತಿಯಾಗಿ ಕೂಸಿನ ಬುದ್ಧಿ ಬೆಳೆಯದಂತೆ ಮಾಡುವ ಪಿಕೆಯು ಎಂಬ ಹುಟ್ಟು ಕಾಯಿಲೆಯಿದೆ. ಆ ಅಂಶವನ್ನು ಹೊಳಪಿನಿಂದ ಅಳೆಯುವ ಒಂದು ವಿಧಾನ 1962ರಲ್ಲಿ ಬಂತು. ಹೊಳಪು ಹೆಚ್ಚಲೆಂದು ಅದಕ್ಕೆ ಒಗ್ಗರಣೆಯಂತೆ ತುಸು ಪೆಪ್ಟೈಡ್ ಹಾಕುತ್ತಿದ್ದರು. ಉಡೆನ್‌ಫ್ರೆಂಡ್ ತಂಡ ಪ್ರಶ್ನೆಯನ್ನೇ ತಿರುವಿ ಹಾಕಿತು: ಪೆಪ್ಟೈಡ್ ಬಿದ್ದರೆ ಹೊಳಪು ಬರುವುದಾದರೆ, ಹೊಳಪನ್ನೇ ಹಿಡಿದು ಪೆಪ್ಟೈಡನ್ನು ಹುಡುಕಬಹುದಲ್ಲ! ರೋಶ್ ಕಂಪನಿಯ ರಸಾಯನ ತಜ್ಞರು ಆ ಹೊಳೆಯುವ ವಸ್ತುವಿನ ರಚನೆ ಅರಿತು, ಅದೇ ಹೊಳಪು ಕೊಡುವ ಫ್ಲೋರೆಸ್ಕಮಿನ್ ತಯಾರಿಸಿದರು. 1972ರಲ್ಲಿ ಅದು ಲೋಕಕ್ಕೆ ತಿಳಿಯಿತು.

ಇದರ ಜಾಣತನ ಇರುವುದು ಕತ್ತಲಲ್ಲಿ. ಫ್ಲೋರೆಸ್ಕಮಿನ್ ತಾನಾಗಿ ಹೊಳೆಯುವುದಿಲ್ಲ. ಪೆಪ್ಟೈಡಿನ ಅಮೈನ್ ತುದಿ ಸಿಕ್ಕರೆ ಕ್ಷಣಾರ್ಧದಲ್ಲಿ ಅಂಟಿಕೊಂಡು ಹಸಿರು ನೀಲಿಯಾಗಿ ಬೆಳಗುತ್ತದೆ. ಅಂಟದೆ ಮಿಕ್ಕದ್ದು ನೀರಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಒಡೆದು, ಹೊಳಪಿಲ್ಲದ ವಸ್ತುವಾಗುತ್ತದೆ. ಸುತ್ತ ಕತ್ತಲಿರುವುದರಿಂದಲೇ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಪೆಪ್ಟೈಡೂ ಕಾಣಿಸುತ್ತದೆ. ಇದೇ ಹೊಳಪನ್ನು ಹಿಡಿದು 1970ರ ದಶಕದ ಕೊನೆಗೆ ಮನುಷ್ಯರ ಬಿಳಿ ರಕ್ತಕಣಗಳ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಶುದ್ಧಗೊಳಿಸಿದರು. ಮುಂದೆ ಜೀನ್ ತಂತ್ರದಿಂದ ತಯಾರಾದ ಇಂಟರ್‌ಫೆರಾನ್, 1986ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಮದ್ದಾಯಿತು.

ಎಲ್ಲವೂ ಈ ಬಲೆಗೆ ಬೀಳುವುದಿಲ್ಲ. ಟಿಆರ್‌ಎಚ್‌ನ ತುದಿ ಮುಚ್ಚಿಕೊಂಡಿರುವುದರಿಂದ ಫ್ಲೋರೆಸ್ಕಮಿನಿಗೆ ಅಲ್ಲಿ ಹಿಡಿಯಿಲ್ಲ. ಅಂಥವಕ್ಕೆ ಬೇರೆ ಉಪಾಯಗಳೇ ಬೇಕು.

ಮೆಲುದನಿಯ ಹುಡುಗಿ ಉತ್ತರ ಹೇಳುವಾಗ ಅವಳನ್ನು ಗದರಿಸಿ ಪ್ರಯೋಜನವಿಲ್ಲ, ಉಳಿದವರ ಗಲಾಟೆ ನಿಲ್ಲಿಸಬೇಕು ಎಂಬುದು ಪಾಠ ಹೇಳಿದವರಿಗೆಲ್ಲ ಗೊತ್ತು. ಪ್ರಯೋಗಶಾಲೆಯ ಆ ದೊಡ್ಡವರು ಮಾಡಿದ್ದೂ ಅದನ್ನೇ ಅಲ್ಲವೇ?